ಕ್ರಿಮಿನಲ್ ಜಸ್ಟಿಸ್ ಓದಬೇಕು ಅಂದುಕೊಂಡಿದ್ದೀರಾ? ಮೊದಲು ಯಾವ ಕುರ್ಚಿ ಅಂತ ನೋಡಿಕೊಳ್ಳಿ

ಒಂದು ಮನೆಗೆ ಕನ್ನ ಬಿತ್ತು ಅಂದುಕೊಳ್ಳಿ. ಮನೆಯವರು ಗಾಬರಿಯಲ್ಲಿ ಫೋನ್ ಮಾಡುತ್ತಾರೆ. ಕಂಟ್ರೋಲ್ ರೂಮಿನಲ್ಲಿ ಒಬ್ಬರು ಕರೆ ತೆಗೆದುಕೊಂಡು ವಿಳಾಸ ಬರೆದುಕೊಳ್ಳುತ್ತಾರೆ. ಗಸ್ತಿನಲ್ಲಿದ್ದ ಪೊಲೀಸರು ಸ್ಥಳಕ್ಕೆ ಬರುತ್ತಾರೆ. ಆಮೇಲೆ ತನಿಖಾಧಿಕಾರಿ, ಫೋಟೊ ತೆಗೆಯುವವರು, ಬೆರಳಚ್ಚು ಎತ್ತುವವರು. ಒಡೆದ ಗಾಜಿನ ಚೂರು ಲ್ಯಾಬಿನ ವಿಜ್ಞಾನಿಯ ಕೈ ಸೇರುತ್ತದೆ. ಯಾರಾದರೂ ಸಿಕ್ಕಿಬಿದ್ದರೆ ಸರ್ಕಾರಿ ವಕೀಲರು, ಆರೋಪಿಯ ಪರ ವಕೀಲರು, ಕೋರ್ಟಿನ ಗುಮಾಸ್ತರು, ನ್ಯಾಯಾಧೀಶರು. ತೀರ್ಪಾದ ಮೇಲೆ ಜೈಲಿನ ಸಿಬ್ಬಂದಿ, ಆಪ್ತ ಸಮಾಲೋಚಕರು, ಜೈಲಿನ ಬದಲು ಹೊರಗೇ ನಿಗಾದಲ್ಲಿ ಇಟ್ಟವರನ್ನು ನೋಡಿಕೊಳ್ಳುವ ಪ್ರೊಬೇಷನ್ ಅಧಿಕಾರಿ. ಇಷ್ಟೆಲ್ಲ ನಡೆಯುವಾಗ ಕಳೆದುಕೊಂಡ ಮನೆಯವರ ಜೊತೆ ಕೂತು, ಮುಂದೇನು ಅಂತ ತಿಳಿಸಿ ಹೇಳುವವರು ಇನ್ನೊಬ್ಬರು.

ಎಣಿಸಿ ನೋಡಿ. ಒಂದು ಕಳ್ಳತನಕ್ಕೆ ಹದಿನಾಲ್ಕು ಕುರ್ಚಿ. ಈ ವಿಷಯ ಓದೋಕೆ ಬರುವ ಹೆಚ್ಚಿನವರಿಗೆ ಇದರಲ್ಲಿ ಎರಡು ಮೂರು ಮಾತ್ರ ಗೊತ್ತಿರುತ್ತವೆ. ಪತ್ತೇದಾರಿಕೆ ಆಸೆಯಿಂದ ಬರುತ್ತಾರೆ, ಎರಡನೇ ವರ್ಷದಲ್ಲಿ ಸಂಖ್ಯಾಶಾಸ್ತ್ರದ ಪುಸ್ತಕ ಹಿಡಿದು ಕಂಗಾಲಾಗುತ್ತಾರೆ. ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಮೊದಲು ಕುರ್ಚಿ ಆರಿಸಿಕೊಳ್ಳಿ, ಆಮೇಲೆ ಕೋರ್ಸು. ಈ ಕ್ರಮ ತಿರುವುಮುರುವಾದರೆ ಎರಡು ಮೂರು ವರ್ಷ ಕೈಬಿಟ್ಟು ಹೋಗುತ್ತದೆ.

ಹೆಜ್ಜೆ 1: ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ನಾಲ್ಕು ವಿಷಯಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆದರೆ ಒಂದೊಂದೂ ಕೇಳುವ ಪ್ರಶ್ನೆ ಬೇರೆ.

ಅಪರಾಧ ಶಾಸ್ತ್ರ ಕೇಳುವುದು: ಜನ ಯಾಕೆ ಅಪರಾಧ ಮಾಡುತ್ತಾರೆ? ಅದೇ ಬೀದಿಯಲ್ಲಿ, ಅದೇ ಬಡತನದಲ್ಲಿ ಬೆಳೆದ ಉಳಿದವರು ಯಾಕೆ ಮಾಡುವುದಿಲ್ಲ? ಕ್ರಿಮಿನಲ್ ಜಸ್ಟಿಸ್ ಕೇಳುವುದು: ಅಪರಾಧ ಆದ ಮೇಲೆ ಪೊಲೀಸು, ಕೋರ್ಟು, ಜೈಲು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಎಡವುತ್ತವೆ? ಕಾನೂನು ಕೇಳುವುದು: ಈ ಕೃತ್ಯಕ್ಕೆ ಯಾವ ಕಲಂ, ಅದನ್ನು ಸಾಬೀತು ಮಾಡುವುದು ಹೇಗೆ? ವಿಧಿವಿಜ್ಞಾನ ಅಂದರೆ ಫೊರೆನ್ಸಿಕ್ ಕೇಳುವುದು: ಈ ಕಲೆ, ಈ ನಾರು, ಈ ಸಹಿ ಏನು ಹೇಳುತ್ತಿದೆ?

ಇಲ್ಲೇ ಜಾಸ್ತಿ ಜನ ಎಡವುವುದು. ಲ್ಯಾಬಿನಲ್ಲಿ ಡಿಎನ್ಎ ಪರೀಕ್ಷೆ ಮಾಡುವ ಆಸೆ ಇದ್ದರೆ ನಿಮಗೆ ಬೇಕಿರುವುದು ಕೆಮಿಸ್ಟ್ರಿ, ಬಯಾಲಜಿ, ಜೆನೆಟಿಕ್ಸ್. ಕ್ರಿಮಿನಲ್ ಜಸ್ಟಿಸ್ ಪದವಿ ಒಂದನ್ನೇ ಇಟ್ಟುಕೊಂಡು ಹೋದರೆ ಲ್ಯಾಬಿನ ಬಾಗಿಲು ತೆರೆಯುವುದಿಲ್ಲ. ಹಾಗೇ, ಈ ಪದವಿ ಮುಗಿಸಿದ ಮಾತ್ರಕ್ಕೆ ಕೋರ್ಟಿನಲ್ಲಿ ವಾದ ಮಾಡೋಕೆ ಆಗುವುದಿಲ್ಲ. ಅದಕ್ಕೆ ಕಾನೂನು ಪದವಿಯೇ ಆಗಬೇಕು, ಜೊತೆಗೆ ಆಯಾ ದೇಶದ ವಕೀಲಿಕೆ ಪರವಾನಗಿ. ಸಲಹೆ ಕೊಡುವವರು ಇದನ್ನು ಮೊದಲೇ ಹೇಳಬೇಕು. ಎಷ್ಟೋ ಸಲ ಹೇಳುವುದಿಲ್ಲ, ಅದು ನನಗೆ ಬೇಜಾರಿನ ಸಂಗತಿ.

ಅಪರಾಧದ ಬಗ್ಗೆ ಯೋಚಿಸಿದವರು ತುಂಬಾ ಹಿಂದಿನಿಂದ ಇದ್ದಾರೆ. ಶಿಕ್ಷೆ ಎಷ್ಟು ಕ್ರೂರ ಅನ್ನುವುದಕ್ಕಿಂತ ಅದು ತಪ್ಪದೆ ಬರುತ್ತದೆ ಅನ್ನುವ ಖಾತ್ರಿಯೇ ಅಪರಾಧವನ್ನು ತಡೆಯುತ್ತದೆ ಅಂತ ಮಿಲಾನಿನ ಚೆಸಾರೆ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದರು. ಆದರೆ ಪೊಲೀಸರಿಗೂ ವಿಶ್ವವಿದ್ಯಾಲಯದ ಓದು ಬೇಕು ಅನ್ನುವ ಯೋಚನೆ ತೀರಾ ಹೊಸದು. ಅಮೆರಿಕದ ಬರ್ಕ್ಲಿ ಊರಿನ ಪೊಲೀಸ್ ಮುಖ್ಯಸ್ಥ ಆಗಸ್ಟ್ ವೋಲ್ಮರ್ 1916ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪೊಲೀಸರಿಗಾಗಿ ಪಾಠ ಶುರು ಮಾಡಿಸಿದರು. ಅವರು ಸ್ವತಃ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಬಹುಶಃ ಅದಕ್ಕೇ ಓದಿನ ಬೆಲೆ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಹೆಜ್ಜೆ 2: ಅರ್ಜಿ ಹಾಕುವ ಮುಂಚೆ ಕೋರ್ಟಿನಲ್ಲಿ ಒಂದು ದಿನ ಕೂತು ಬನ್ನಿ

ಈ ಇಡೀ ಲೇಖನದಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ. ಬಹಳಷ್ಟು ದೇಶಗಳಲ್ಲಿ ವಿಚಾರಣೆ ತೆರೆದ ಕೋರ್ಟಿನಲ್ಲಿ ನಡೆಯುತ್ತದೆ. ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಮಕ್ಕಳ ಪ್ರಕರಣ, ಲೈಂಗಿಕ ದೌರ್ಜನ್ಯದ ಪ್ರಕರಣಗಳನ್ನು ಹಲವು ಕಡೆ ಮುಚ್ಚಿದ ಬಾಗಿಲ ಹಿಂದೆ ನಡೆಸುತ್ತಾರೆ, ಅಲ್ಲಿಗೆ ಹೋಗಬೇಡಿ. ಫೋನ್ ಆಫ್ ಮಾಡಿ, ಒಂದು ನೋಟ್‌ಬುಕ್ ಹಿಡಿದು ಬೆಳಗ್ಗೆಯಿಂದ ಸಂಜೆವರೆಗೆ ಕೂರಿ.

ಪ್ರತಿ ಪ್ರಕರಣ ಶುರುವಾದ ಹೊತ್ತು, ಮುಗಿದ ಹೊತ್ತು ಬರೆದುಕೊಳ್ಳಿ. ಮುಂದಿನ ತಾರೀಖು ಯಾಕೆ ಕೊಟ್ಟರು? ಸಾಕ್ಷಿ ಬರಲಿಲ್ಲವೋ, ವಕೀಲರು ಬರಲಿಲ್ಲವೋ, ಲ್ಯಾಬಿನ ವರದಿ ಬರಲಿಲ್ಲವೋ? ಆರೋಪಿ ಎಷ್ಟು ಸಲ ಬಾಯಿ ತೆರೆದ? ಅವನಿಗೆ ಅಲ್ಲಿ ಆಡುವ ಮಾತು ಅರ್ಥವಾಗುತ್ತಿತ್ತೆ? ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸು ಯಾರ ಕಡೆಯವರು, ಅವರ ಹತ್ತಿರ ಯಾರಾದರೂ ಮಾತಾಡಿದರಾ?

ಸಂಜೆ ಪಟ್ಟಿ ನೋಡಿದರೆ ಮೂರು ನಾಲ್ಕು ನಿಮಿಷದಲ್ಲಿ ಮುಗಿದ ಪ್ರಕರಣಗಳೇ ಜಾಸ್ತಿ ಇರುತ್ತವೆ. ಎಲ್ಲೋ ಒಂದು ಪಾಟೀಸವಾಲು, ಅಂದರೆ ಎದುರು ಕಡೆಯ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ಅರ್ಧ ಗಂಟೆ ನಡೆದಿರುತ್ತದೆ. ನಿಮ್ಮ ಕಣ್ಣು ಯಾರ ಕಡೆ ಪದೇ ಪದೇ ಹೋಗುತ್ತಿತ್ತು ಅಂತ ಆಗ ಯೋಚಿಸಿ. ವಾದ ಮಾಡುತ್ತಿದ್ದ ವಕೀಲರ ಕಡೆಗಾ? ಕಡತ ಹೊಂದಿಸುತ್ತಿದ್ದ ಪೊಲೀಸರ ಕಡೆಗಾ? ಹೊರಗೆ ಕೂತಿದ್ದ ಹೆಂಗಸಿನ ಕಡೆಗಾ? ನಿಮ್ಮ ಕುರ್ಚಿ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಇಡೀ ದಿನ ಬೇಜಾರಾಯಿತೇ? ಅದೂ ಒಳ್ಳೆಯ ಉತ್ತರವೇ. ಸೇರುವ ಮುಂಚೆ ಗೊತ್ತಾಯಿತಲ್ಲ.

ಹೆಜ್ಜೆ 3: ಕೋರ್ಸು ಆರಿಸುವಾಗ ಪಠ್ಯಕ್ರಮ ತೆಗೆದು ಓದಿ

ಕಾಲೇಜಿನ ಹೆಸರಿಗಿಂತ ಪಠ್ಯಕ್ರಮ ಮುಖ್ಯ. ಅದರಲ್ಲಿ ಕ್ರಿಮಿನಲ್ ಕಾನೂನು, ವಿಚಾರಣೆಯ ಕ್ರಮ, ಸಾಕ್ಷ್ಯದ ನಿಯಮ ಇರಲೇಬೇಕು. ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ ಇರಬೇಕು. ಜೈಲು ಮತ್ತು ಪ್ರೊಬೇಷನ್ ಬಗ್ಗೆ ಒಂದು ಪೂರ್ತಿ ಪತ್ರಿಕೆ, ನೊಂದವರ ಬಗ್ಗೆ ಇನ್ನೊಂದು, ನೀತಿಯ ಬಗ್ಗೆ ಮತ್ತೊಂದು. ಬರೀ ಪೊಲೀಸ್ ಕೆಲಸದ ಸುತ್ತ ಸುತ್ತುವ ಕೋರ್ಸಾದರೆ ಅದು ತರಬೇತಿ ಶಾಲೆಯ ಕೆಲಸ. ನೇಮಕವಾದ ಮೇಲೆ ಇಲಾಖೆಯೇ ಅದನ್ನು ಕಲಿಸುತ್ತದೆ, ಸಂಬಳ ಕೊಟ್ಟು.

ಸೇರುವ ಮುಂಚೆ ವಿಭಾಗಕ್ಕೆ ಬರೆದು ಮೂರು ವಿಷಯ ಕೇಳಿ. ಇಂಟರ್ನ್‌ಶಿಪ್ ಕಡ್ಡಾಯವಾ, ಎಲ್ಲಿಗೆ ಕಳಿಸುತ್ತೀರಿ? ಕಳೆದ ಎರಡು ಮೂರು ವರ್ಷ ಓದಿ ಹೋದವರು ಈಗ ಎಲ್ಲಿದ್ದಾರೆ? ಪಾಠ ಮಾಡುವವರಲ್ಲಿ ಕೋರ್ಟಿನಲ್ಲೋ ಜೈಲಿನಲ್ಲೋ ಕೆಲಸ ಮಾಡಿದವರು ಎಷ್ಟು, ಸಂಶೋಧನೆ ಮಾಡುವವರು ಎಷ್ಟು? ಎರಡೂ ಥರದವರು ಇದ್ದರೆ ಒಳ್ಳೆಯದು. ಅನುಭವ ಇದ್ದವರು ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತಾರೆ, ಸಂಶೋಧಕರು ಅದು ಫಲ ಕೊಡುತ್ತದೆಯೇ ಅಂತ ಕೇಳುತ್ತಾರೆ. ವಿಧಿವಿಜ್ಞಾನ ಓದುವವರು ನಾಲ್ಕನೇ ಪ್ರಶ್ನೆಯೊಂದನ್ನು ಸೇರಿಸಿ: ಉಪಕರಣ ಮುಟ್ಟಿ ಕೆಲಸ ಮಾಡೋಕೆ ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ?

ಹೆಜ್ಜೆ 4: ಅಂಕಿಅಂಶಕ್ಕೆ ಹೆದರಬೇಡಿ, ಈ ವಿಷಯದ ಜೀವ ಇರುವುದೇ ಅಲ್ಲಿ

"ನಂಗೆ ಲೆಕ್ಕ ಬರಲ್ಲ, ಅದಕ್ಕೇ ಇದನ್ನ ತಗೊಂಡೆ" ಅಂತ ಹೇಳಿದವರನ್ನು ಬಹಳ ನೋಡಿದ್ದೇನೆ. ಅವರಿಗೆ ಮೊದಲ ಪೆಟ್ಟು ಬೀಳುವುದೇ ಇಲ್ಲಿ.

ಒಂದು ಸರಳ ಪ್ರಶ್ನೆ ತೆಗೆದುಕೊಳ್ಳಿ. ಒಂದು ಊರಿನಲ್ಲಿ ಈ ವರ್ಷ ಅಪರಾಧ ಜಾಸ್ತಿಯಾಯಿತೆ? ಪೊಲೀಸ್ ದಾಖಲೆಯಲ್ಲಿ ದೂರುಗಳು ಜಾಸ್ತಿಯಾಗಿವೆ ಅಂದುಕೊಳ್ಳಿ. ಅಪರಾಧ ನಿಜವಾಗಿ ಹೆಚ್ಚಿರಬಹುದು. ಜನಕ್ಕೆ ಪೊಲೀಸರ ಮೇಲೆ ನಂಬಿಕೆ ಬಂದು ದೂರು ಕೊಡುವುದು ಹೆಚ್ಚಿರಬಹುದು. ದೂರು ಬರೆದುಕೊಳ್ಳುವ ನಿಯಮವೇ ಬದಲಾಗಿರಬಹುದು. ಮೂರಕ್ಕೂ ಸಂಖ್ಯೆ ಒಂದೇ, ಅರ್ಥ ಬೇರೆ ಬೇರೆ. ಠಾಣೆಯ ಮೆಟ್ಟಿಲೇ ಹತ್ತದ ಅಪರಾಧಗಳನ್ನು ಲೆಕ್ಕಕ್ಕೆ ತರೋಕೆ ನೇರವಾಗಿ ಮನೆಮನೆಯವರನ್ನೇ ಕೇಳುವ ಸಮೀಕ್ಷೆಗಳು ಹುಟ್ಟಿದ್ದು ಇದೇ ಕಾರಣಕ್ಕೆ. ಅಮೆರಿಕದಲ್ಲಿ ಇಂಥ ರಾಷ್ಟ್ರೀಯ ಸಮೀಕ್ಷೆ 1973ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1982ರಿಂದ ನಡೆಯುತ್ತಿದೆ.

ಇನ್ನೊಂದು ನೋಡಿ. ಪೊಲೀಸ್ ಜೀಪು ಬೀದಿಯಲ್ಲಿ ಸುಮ್ನೆ ಓಡಾಡುತ್ತಿದ್ದರೆ ಅಪರಾಧ ಕಡಿಮೆಯಾಗುತ್ತದೆ ಅನ್ನುವುದು ಎಲ್ಲರ ನಂಬಿಕೆ, ಅಲ್ವಾ? 1972–73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಇದನ್ನು ಪರೀಕ್ಷೆ ಮಾಡಿದರು. 15 ಗಸ್ತು ಪ್ರದೇಶಗಳನ್ನು ಐದೈದರ ಮೂರು ಗುಂಪು ಮಾಡಿದರು. ಒಂದರಲ್ಲಿ ಮಾಮೂಲಿ ಗಸ್ತು. ಇನ್ನೊಂದರಲ್ಲಿ ಎರಡು ಮೂರು ಪಟ್ಟು. ಮತ್ತೊಂದರಲ್ಲಿ ಗಸ್ತೇ ಇಲ್ಲ, ಕರೆ ಬಂದರೆ ಮಾತ್ರ ಹೋಗುವುದು. ಕೊನೆಗೆ ನೋಡಿದರೆ ಅಪರಾಧದಲ್ಲೂ ಜನರ ಭಯದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಹಾಗಾದರೆ ಪೊಲೀಸರು ಬೀದಿಯಲ್ಲಿ ಇರುವುದೇ ವ್ಯರ್ಥವಾ? ಅಲ್ಲ. ಮಿನಿಯಾಪೊಲಿಸ್ ನಗರದ ಪೊಲೀಸ್ ಕರೆಗಳನ್ನು ಲೆಕ್ಕ ಹಾಕಿ ಅಪರಾಧ ಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ಮತ್ತು ಅವರ ಜೊತೆಗಾರರು 1989ರಲ್ಲಿ ಒಂದು ವಿಷಯ ತೋರಿಸಿದರು. ನೂರರಲ್ಲಿ ಸುಮಾರು ಮೂರು ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬರುತ್ತಿದ್ದವು. ಊರೆಲ್ಲ ಸುತ್ತುವ ಬದಲು ಆ ಮೂಲೆಗಳಲ್ಲಿ ನಿಲ್ಲಬೇಕು ಅನ್ನುವ ಪದ್ಧತಿ ಬೆಳೆದದ್ದು ಇಂಥ ಲೆಕ್ಕದಿಂದ. ಇವತ್ತು ಪೊಲೀಸ್ ಇಲಾಖೆಗಳು ಅಪರಾಧ ವಿಶ್ಲೇಷಕರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೂ ಇದಕ್ಕೇ.

ಒಳ್ಳೆಯ ಉದ್ದೇಶವೂ ಕೆಟ್ಟ ಫಲ ಕೊಡಬಹುದು. ದಾರಿ ತಪ್ಪುತ್ತಿರುವ ಹುಡುಗರನ್ನು ಜೈಲಿಗೆ ಕರೆದುಕೊಂಡು ಹೋಗಿ, ಕೈದಿಗಳಿಂದ ಬೆದರಿಸಿ ವಾಪಸ್ ಕಳಿಸುವ ಕಾರ್ಯಕ್ರಮಗಳು ಅಮೆರಿಕದಲ್ಲಿ ಬಹಳ ನಡೆದವು. ಎಲ್ಲರಿಗೂ ಇಷ್ಟವಾಗಿತ್ತು. ಆಮೇಲೆ ಸರಿಯಾಗಿ ಹೋಲಿಸಿ ನೋಡಿದಾಗ, ಹೋಗಿ ಬಂದ ಹುಡುಗರೇ ಹೋಗದವರಿಗಿಂತ ಜಾಸ್ತಿ ತಪ್ಪು ಮಾಡಿದ್ದರು. ಲೆಕ್ಕ ಹಾಕದೇ ಹೋಗಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದಕ್ಕೇ ನಾನು ಸಂಖ್ಯಾಶಾಸ್ತ್ರದ ತರಗತಿ ತಪ್ಪಿಸಬೇಡಿ ಅನ್ನುವುದು.

ಹೆಜ್ಜೆ 5: ಬರೆಯೋದು ಕಲಿಯಿರಿ

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಅಣಕು ಘಟನಾಸ್ಥಳದ ಮಹಜರು, ಅಂದರೆ ಅಲ್ಲಿ ಕಂಡದ್ದರ ದಾಖಲೆ, ಬರೆಯೋಕೆ ಕೊಟ್ಟಿದ್ದರು. ಒಂದು ಕೋಣೆ, ಬಿದ್ದ ಕುರ್ಚಿ, ನೆಲದ ಮೇಲೆ ಒಂದು ಕಲೆ. ನಾನು ಬರೆದೆ: "ಬಾಗಿಲ ಹತ್ತಿರ ರಕ್ತದ ಕಲೆ ಇದೆ. ಇಲ್ಲಿ ಹೊಡೆದಾಟ ನಡೆದಿದೆ." ಮೇಷ್ಟ್ರು ಎರಡೂ ವಾಕ್ಯಕ್ಕೆ ಕೆಂಪು ಗೆರೆ ಎಳೆದರು. "ರಕ್ತ ಅಂತ ಯಾರು ಹೇಳಿದರು? ಹೊಡೆದಾಟ ನೀವು ನೋಡಿದ್ದೀರಾ?"

ತಿದ್ದಿ ಬರೆದದ್ದು ಹೀಗಿತ್ತು: "ಬಾಗಿಲ ಹೊಸ್ತಿಲಿನಿಂದ 40 ಸೆಂಟಿಮೀಟರ್ ಒಳಗೆ, ನೆಲದ ಮೇಲೆ ಕೆಂಪು-ಕಂದು ಬಣ್ಣದ ಕಲೆ. ಅಗಲ ಸುಮಾರು 6 ಸೆಂಟಿಮೀಟರ್. ಅಂಚು ಒಣಗಿದೆ, ನಡುವೆ ಹಸಿ ಇದೆ. ಒಂದು ಮರದ ಕುರ್ಚಿ ಎಡಮಗ್ಗುಲಿಗೆ ಬಿದ್ದಿದೆ." ಕಂಡದ್ದು ಇಷ್ಟೇ. ಅದು ರಕ್ತವೋ ಅಲ್ಲವೋ ಅಂತ ಹೇಳುವುದು ಲ್ಯಾಬಿನ ಕೆಲಸ. ಹೊಡೆದಾಟ ಆಯಿತೋ ಇಲ್ಲವೋ ಅಂತ ತೀರ್ಮಾನಿಸುವುದು ಕೋರ್ಟಿನ ಕೆಲಸ. ನನ್ನ ಮೊದಲಿನ ಎರಡು ವಾಕ್ಯಕ್ಕೆ ಪಾಟೀಸವಾಲಿನಲ್ಲಿ ಎರಡು ನಿಮಿಷವೂ ನಿಲ್ಲುವ ಶಕ್ತಿ ಇರಲಿಲ್ಲ.

ಸಣ್ಣ ವಿಷಯಗಳು ದೊಡ್ಡ ಪ್ರಕರಣವನ್ನೇ ಕೆಡಿಸುತ್ತವೆ. ರಕ್ತ ತಾಗಿದ ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಬೂಷ್ಟು ಹಿಡಿದು ಡಿಎನ್ಎ ಹಾಳಾಗುತ್ತದೆ. ಅದನ್ನು ಒಣಗಿಸಿ ಕಾಗದದ ಚೀಲಕ್ಕೆ ಹಾಕಬೇಕು. ಮುದ್ದೆಮಾಲು, ಅಂದರೆ ಸಾಕ್ಷ್ಯವಾಗಿ ವಶಕ್ಕೆ ತೆಗೆದುಕೊಂಡ ವಸ್ತು, ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ ಹೋಯಿತು ಅನ್ನುವುದಕ್ಕೆ ಸಹಿ ಸಮೇತ ದಾಖಲೆ ಇರಬೇಕು. ನಡುವೆ ಒಂದು ಸಹಿ ತಪ್ಪಿದರೂ ಅದೇ ವಸ್ತು ಅನ್ನೋಕೆ ಏನು ಖಾತ್ರಿ ಅಂತ ವಕೀಲರು ಕೇಳುತ್ತಾರೆ. ಕೇಳಲೇಬೇಕು.

ಮಾತು ಕೇಳಿ ಬರೆದುಕೊಳ್ಳುವಾಗಲೂ ಹೀಗೇ. 1974ರಲ್ಲಿ ಮನಶ್ಶಾಸ್ತ್ರದ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕೆಲವು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ಕಾರುಗಳು "ತಾಗಿದಾಗ" ಅಂತ ಕೇಳಿದವರಿಗೆ ಸಿಕ್ಕ ಉತ್ತರ ಸರಾಸರಿ ಗಂಟೆಗೆ 32 ಮೈಲಿ. "ಅಪ್ಪಳಿಸಿದಾಗ" ಅಂತ ಕೇಳಿದರೆ 41 ಮೈಲಿ. ನೋಡಿದ ಚಿತ್ರ ಒಂದೇ. ಪ್ರಶ್ನೆಯ ಒಂದು ಪದ ಸಾಕ್ಷಿಯ ನೆನಪನ್ನೇ ತಿರುಗಿಸಿಬಿಡಬಹುದು. ಹಾಗಾಗಿ "ಅವನು ಚಾಕು ತೆಗೆದಾಗ ನೀವೆಲ್ಲಿದ್ರಿ?" ಅಂತ ಕೇಳಬೇಡಿ. "ಆಮೇಲೆ ಏನಾಯಿತು?" ಅಂತ ಕೇಳಿ, ಸುಮ್ಮನಿರಿ.

ಹೆಜ್ಜೆ 6: ಇಂಟರ್ನ್‌ಶಿಪ್ ನಿಮ್ಮ ಕುರ್ಚಿಯ ಎದುರು ಕಡೆ ಮಾಡಿ

ಪೊಲೀಸ್ ಆಗಬೇಕು ಅನ್ನುವವರು ಆರೋಪಿಗಳ ಪರ ಕಾನೂನು ನೆರವು ಕೊಡುವ ಕಡೆ ಕೆಲವು ವಾರ ಇರಿ. ವಕೀಲರಾಗುವವರು ನೊಂದವರ ನೆರವು ಕೇಂದ್ರದಲ್ಲಿ ಇರಿ. ಲ್ಯಾಬಿಗೆ ಹೋಗುವವರು ವಿಚಾರಣೆ ಕೂತು ನೋಡಿ. ತಮ್ಮ ವರದಿಯನ್ನು ಕಟಕಟೆಯಲ್ಲಿ ನಿಂತು ವಿವರಿಸಬೇಕಾದವರು ಅವರೇ ತಾನೇ?

ಇದರ ಬೆಲೆ ತೋರಿಸುವ ಒಂದು ಪ್ರಕರಣ ಇದೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ 1984ರಲ್ಲಿ ಡಿಎನ್ಎ ಗುರುತಿನ ವಿಧಾನ ಕಂಡುಹಿಡಿದರು. ಅಲ್ಲೇ ಹತ್ತಿರದಲ್ಲಿ ನಡೆದಿದ್ದ ಎರಡು ಕೊಲೆಗಳ ತನಿಖೆಯಲ್ಲಿ, ಎರಡು ವರ್ಷದ ನಂತರ, 17 ವರ್ಷದ ಹುಡುಗನೊಬ್ಬ ಒಂದು ಕೊಲೆಯನ್ನು ಒಪ್ಪಿಕೊಂಡಿದ್ದ. ಡಿಎನ್ಎ ಪರೀಕ್ಷೆಯಲ್ಲಿ ಅವನದು ಹೊಂದಲೇ ಇಲ್ಲ. ಅವನನ್ನು ಬಿಟ್ಟರು. ನಿಜವಾದ ಕೊಲೆಗಾರನಿಗೆ 1988ರಲ್ಲಿ ಶಿಕ್ಷೆಯಾಯಿತು. ಕೊಲೆ ತನಿಖೆಗೆ ಬಂದ ಹೊಸದರಲ್ಲೇ ಡಿಎನ್ಎ ಮೊದಲು ಮಾಡಿದ್ದು ಒಬ್ಬ ನಿರಪರಾಧಿಯನ್ನು ಉಳಿಸುವ ಕೆಲಸ. ತಪ್ಪು ಮಾಡದವರೂ ಒಪ್ಪಿಕೊಂಡುಬಿಡುತ್ತಾರೆ ಅನ್ನುವುದನ್ನು ಎದುರು ಕಡೆ ಕೂತವರು ಬೇಗ ಕಲಿಯುತ್ತಾರೆ.

ಇಂಟರ್ನ್‌ಶಿಪ್‌ನಲ್ಲಿ ಕಂಡ ಹೆಸರು, ಮುಖ, ವಿಳಾಸ ಯಾವುದನ್ನೂ ಹೊರಗೆ ಹೇಳಬೇಡಿ. ಮನೆಯವರಿಗೂ ಬೇಡ, ಗೆಳೆಯರ ಗುಂಪಿನಲ್ಲೂ ಬೇಡ.

ಹೆಜ್ಜೆ 7: ಕೆಲಸಗಳನ್ನು ಹತ್ತಿರದಿಂದ ನೋಡಿ

ಪೊಲೀಸ್ ಕೆಲಸದ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. ವಯಸ್ಸಿನ ಮಿತಿ, ಓಟ, ಕಣ್ಣಿನ ಪರೀಕ್ಷೆ ಸಾಮಾನ್ಯವಾಗಿ ಇರುತ್ತವೆ. ಓದು ಮುಗಿಯುವವರೆಗೆ ಕಾಯದೆ ಮೊದಲ ವರ್ಷದಲ್ಲೇ ನಿಯಮ ನೋಡಿಕೊಳ್ಳಿ. ತನಿಖಾ ವಿಭಾಗಕ್ಕೆ ನೇರವಾಗಿ ಹೋಗುವುದು ಕಡಿಮೆ. ಸಾಮಾನ್ಯವಾಗಿ ಸಮವಸ್ತ್ರದಲ್ಲಿ ಕೆಲವು ವರ್ಷ ಕಳೆಯಬೇಕು.

ಹೆಚ್ಚು ಜನ ಗಮನಿಸದ, ನನಗೆ ತುಂಬಾ ಮೆಚ್ಚಿನ ಕೆಲಸ ಪ್ರೊಬೇಷನ್. ಇದರ ಹುಟ್ಟೇ ಚೆನ್ನಾಗಿದೆ. 1841ರಲ್ಲಿ ಬಾಸ್ಟನ್ ನಗರದಲ್ಲಿ ಜಾನ್ ಆಗಸ್ಟಸ್ ಅನ್ನುವ ಬೂಟು ಹೊಲಿಯುವವರು ಕೋರ್ಟಿನಲ್ಲಿ ಕೂತಿದ್ದರು. ಕುಡಿದು ಸಿಕ್ಕಿಬಿದ್ದ ಒಬ್ಬನನ್ನು ಒಳಗೆ ತಂದರು. ಆಗಸ್ಟಸ್ ಎದ್ದು ತಾವೇ ಜಾಮೀನು ನಿಂತರು. ಕುಡಿಯುವುದಿಲ್ಲ ಅಂತ ಮಾತು ತೆಗೆದುಕೊಂಡು ಕರೆದುಕೊಂಡು ಹೋದರು. ಮೂರು ವಾರ ಬಿಟ್ಟು ಬಂದಾಗ ಅವನು ಗುರುತೇ ಸಿಗದಷ್ಟು ಬದಲಾಗಿದ್ದ. ಆಮೇಲೆ ಸಾಯುವವರೆಗೂ ಆಗಸ್ಟಸ್ ಇದನ್ನೇ ಮಾಡಿದರು. ಸುಮಾರು 2,000 ಜನಕ್ಕೆ ಜಾಮೀನು ನಿಂತರು. ಇಂದಿನ ಪ್ರೊಬೇಷನ್ ಅಧಿಕಾರಿಯ ಕೆಲಸದ ತಿರುಳು ಅದೇ. ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸದೆ, ನಿಯಮಕ್ಕೆ ಕಟ್ಟುಹಾಕಿ, ಕೆಲಸ ಹುಡುಕಿಕೊಟ್ಟು, ಮನೆಗೆ ಹೋಗಿ ನೋಡಿ ಬರುವುದು. ಕೋರ್ಟಿಗೆ ಅವನ ಬಗ್ಗೆ ವರದಿ ಕೊಡುವುದು. ಸಮಾಜಕಾರ್ಯ ಅಥವಾ ಮನಶ್ಶಾಸ್ತ್ರ ಜೊತೆಗೆ ಓದಿದ್ದರೆ ಇಲ್ಲಿ ಬಹಳ ಉಪಯೋಗ.

ಜೈಲಿನ ಕೆಲಸ ಅಂದರೆ ಬೀಗದ ಕೈ ಮಾತ್ರ ಅಲ್ಲ. ಶಿಕ್ಷಕರು, ಆಪ್ತ ಸಮಾಲೋಚಕರು, ಬಿಡುಗಡೆಗೆ ತಯಾರು ಮಾಡುವವರು ಇದ್ದಾರೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳನ್ನು ಓದಿಕೊಂಡು ಹೋಗಿ. ಸತತ 15 ದಿನಕ್ಕಿಂತ ಜಾಸ್ತಿ ಒಂಟಿ ಕೋಣೆಯಲ್ಲಿ ಇಡಬಾರದು ಅನ್ನುವುದು ಅದರಲ್ಲೇ ಇದೆ. ಸಂದರ್ಶನದಲ್ಲಿ ಕೇಳುತ್ತಾರೆ ಅಂತ ಅಲ್ಲ, ಒಳಗೆ ಕೆಲಸ ಮಾಡುವವರಿಗೆ ಅದು ಗೊತ್ತಿರಬೇಕು.

ಬ್ಯಾಂಕು, ವಿಮೆ, ದೊಡ್ಡ ಕಂಪನಿಗಳಲ್ಲೂ ಈ ಓದಿಗೆ ಕೆಲಸ ಇದೆ. ವಂಚನೆ ಪತ್ತೆ, ಕಪ್ಪು ಹಣದ ವಹಿವಾಟಿನ ಮೇಲೆ ಕಣ್ಣಿಡುವುದು, ಸೈಬರ್ ಅಪರಾಧದ ತನಿಖೆ. ಇದಕ್ಕೆ ಲೆಕ್ಕಪತ್ರ ಅಥವಾ ಕಂಪ್ಯೂಟರ್ ಜ್ಞಾನ ಜೊತೆಗಿರಬೇಕು. ಸೈಬರ್ ಅಂದ ತಕ್ಷಣ ಹ್ಯಾಕಿಂಗ್ ಅಂದುಕೊಳ್ಳಬೇಡಿ. ದಿನದ ಬಹುಪಾಲು ಫೋನಿನ ದಾಖಲೆ, ಖಾತೆಯ ವಹಿವಾಟು ಸಾಲು ಸಾಲಾಗಿ ನೋಡುವುದರಲ್ಲೇ ಹೋಗುತ್ತದೆ.

ಅಂತರರಾಷ್ಟ್ರೀಯ ಕೆಲಸದ ಆಸೆ ಇದ್ದವರಿಗೆ ಒಂದು ಮಾತು. ಇಂಟರ್‌ಪೋಲ್‌ನ ಮುಖ್ಯ ಕಚೇರಿ ಫ್ರಾನ್ಸಿನ ಲಿಯೋನ್‌ನಲ್ಲಿದೆ. ಆದರೆ ಅದು ಯಾರನ್ನೂ ತಾನೇ ಹೋಗಿ ಬಂಧಿಸುವುದಿಲ್ಲ. ದೇಶಗಳ ಪೊಲೀಸರ ನಡುವೆ ಮಾಹಿತಿ ಹಂಚುತ್ತದೆ, ಅಷ್ಟೇ. ಮಾದಕ ವಸ್ತು ಮತ್ತು ಅಪರಾಧಗಳ ಬಗೆಗಿನ ವಿಶ್ವಸಂಸ್ಥೆಯ ಕಚೇರಿ ವಿಯೆನ್ನಾದಲ್ಲಿದೆ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹೇಗ್‌ನಲ್ಲಿದೆ. ಇಲ್ಲಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ, ಎರಡನೇ ಭಾಷೆ, ಕೆಲವು ವರ್ಷಗಳ ಅನುಭವ ಬೇಕು.

ಹೆಜ್ಜೆ 8: ಹಿನ್ನೆಲೆ ಪರಿಶೀಲನೆಗೆ ಮೊದಲ ದಿನದಿಂದಲೇ ತಯಾರಾಗಿ

ಈ ಕ್ಷೇತ್ರದ ಬಹುತೇಕ ಕೆಲಸಗಳಿಗೆ ನಿಮ್ಮ ಹಿನ್ನೆಲೆ ಕೆದಕುತ್ತಾರೆ. ಹಳೆಯ ಪ್ರಕರಣ, ಕಟ್ಟದ ಸಾಲ, ಜಾಲತಾಣದಲ್ಲಿ ಹಾಕಿದ ಮಾತು, ಇದ್ದ ಮನೆಗಳ ವಿಳಾಸ. ಒಂದು ಕಡತ ಇಟ್ಟುಕೊಳ್ಳಿ: ಎಲ್ಲೆಲ್ಲಿ ವಾಸ, ಎಲ್ಲೆಲ್ಲಿ ಕೆಲಸ, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಹಿಂದೆ ಒಂದು ಸಣ್ಣ ತಪ್ಪು ಆಗಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ತಪ್ಪಿಗೆ ಕ್ಷಮೆ ಸಿಗಬಹುದು. ಸುಳ್ಳಿಗೆ ಸಿಗುವುದು ಬಹಳ ಕಷ್ಟ. ನಾಳೆ ಸಾಕ್ಷಿ ಹೇಳಬೇಕಾದವರು ಅರ್ಜಿಯಲ್ಲೇ ಸುಳ್ಳು ಬರೆದಿದ್ದರೆ ಎದುರಿನ ವಕೀಲರಿಗೆ ಅಷ್ಟೇ ಸಾಕು.

ಹೆಜ್ಜೆ 9: ಮನಸ್ಸಿಗೂ ಒಂದು ವ್ಯವಸ್ಥೆ ಮಾಡಿಕೊಳ್ಳಿ

ಇದನ್ನು ಯಾವ ಪ್ರಾಸ್ಪೆಕ್ಟಸ್‌ನಲ್ಲೂ ದಪ್ಪ ಅಕ್ಷರದಲ್ಲಿ ಹಾಕುವುದಿಲ್ಲ. ಬೇರೆಯವರ ನೋವಿನ ಕಡತ ದಿನವೂ ಓದಿದರೆ ಅದು ನಿಮ್ಮೊಳಗೂ ಇಳಿಯುತ್ತದೆ. ಮಕ್ಕಳ ಪ್ರಕರಣಗಳಲ್ಲಂತೂ ಜಾಸ್ತಿ. ನಿದ್ದೆ ಕೆಡುವುದು, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುವುದು, ಯಾರನ್ನು ಕಂಡರೂ ಅನುಮಾನ ಪಡುವುದು ಇದರ ಮೊದಲ ಗುರುತುಗಳು. ಓದುವಾಗಲೇ ಒಬ್ಬ ಹಿರಿಯರನ್ನು ಗುರುತು ಮಾಡಿಕೊಳ್ಳಿ. ಹೆಸರು, ವಿವರ ಹೇಳದೆ, ನಿಮಗೆ ಹೇಗನಿಸಿತು ಅನ್ನುವುದನ್ನು ಮಾತ್ರ ಅವರ ಹತ್ತಿರ ಮಾತಾಡಿ. ಕೆಲಸಕ್ಕೆ ಸೇರುವ ಕಡೆ ಆಪ್ತ ಸಮಾಲೋಚನೆ ಸಿಗುತ್ತದೆಯೇ ಅಂತ ಸಂದರ್ಶನದಲ್ಲೇ ಕೇಳಿ. ಕೇಳೋಕೆ ಸಂಕೋಚ ಬೇಡ. ಆ ಪ್ರಶ್ನೆ ಕೇಳಿದವರನ್ನು ದುರ್ಬಲರು ಅಂದುಕೊಳ್ಳುವ ಕಚೇರಿ ಆದರೆ, ಅಲ್ಲಿಗೆ ಸೇರುವ ಮುಂಚೆ ಇನ್ನೊಂದು ಸಲ ಯೋಚಿಸಿ.